ಮೂಲೆ ಸೇರಿದ ಹಾಡಿನ ಪೆಟ್ಟಿಗೆಗೆ ಮರುಜೀವ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಈ ಭಾಗದ ಹಳೆಯ ಕನ್ನಡ ಮನೆತನಗಳಲ್ಲಿ ಅಟ್ಟವನ್ನು ಕೆದಕಿದರೆ, ಹಿತ್ತಾಳೆಯ ಹಂಡೆ, ಕಾಲು ಮುರಿದ ತೊಟ್ಟಿಲು, ಹಳೆಯ ಪಂಚಾಂಗದ ಕಟ್ಟುಗಳ ನಡುವೆ ರೆಕಾರ್ಡುಗಳ ಒಂದು ಗಂಟೂ ಅವುಗಳನ್ನು ಹಾಡಿಸುತ್ತಿದ್ದ ಪೆಟ್ಟಿಗೆಯೂ ಸಿಗುವುದುಂಟು. ನೆರೆಯ ಮರಾಠಿ ಬಂಧುಗಳು 'ತಬಕಡಿ' ಎಂದು ಕರೆಯುವ, ನಾವು 'ತಟ್ಟೆ' ಎಂದೋ 'ಪ್ಲೇಟು' ಎಂದೋ ಹೇಳುವ ಈ ಕರಿಯ ಧ್ವನಿಮುದ್ರಿಕೆಗಳು ಬಹುಮಟ್ಟಿಗೆ ಕೆಟ್ಟಿರುವುದಿಲ್ಲ. ಕೆಟ್ಟಿರುವುದು ಪೆಟ್ಟಿಗೆ. ಅದು ತಿರುಗುವುದಿಲ್ಲವೆಂಬ ಒಂದೇ ಕಾರಣದಿಂದ ಎರಡೂ ದೀಪಾವಳಿಯ ಸುಣ್ಣ ಬಣ್ಣದ ಹೊತ್ತಿಗೆ ಗುಜರಿಯವನ ತಕ್ಕಡಿ ಸೇರುತ್ತವೆ. ಅಲ್ಲಿ ಹಾಡಿಗೆ ಬೆಲೆಯಿಲ್ಲ. ತೂಕಕ್ಕೆ ಮಾತ್ರ ಬೆಲೆ.

ಗಡಿನಾಡಿನ ನಮಗೆ ಈ ನಷ್ಟ ಉಳಿದವರಿಗಿಂತ ತುಸು ಹೆಚ್ಚಿನದೆಂದೇ ಹೇಳಬೇಕು. 1956ರಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾದವು. 1960ರಲ್ಲಿ ಮಹಾರಾಷ್ಟ್ರ ರಾಜ್ಯ ಉದಯಿಸಿತು. ಆದರೆ ಹಾಡು ಅದಕ್ಕೂ ಮುಂಚಿನಿಂದ ಈ ನೆಲದಲ್ಲಿ ಎರಡು ಭಾಷೆಗಳ ಮನೆಗಳಿಗೂ ಒಂದೇ ಆಗಿತ್ತು. ಮಿರಜದಲ್ಲಿ ನೆಲೆನಿಂತ ಅಬ್ದುಲ್ ಕರೀಂಖಾನರ ಶಿಷ್ಯರಾಗಿ ಕುಂದಗೋಳದ ರಾಮಭಾವು ಸವಾಯಿ ಗಂಧರ್ವರಾದರು. ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರ ತೀರ ಮೊದಲಿನ ಮುದ್ರಿಕೆಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ ಹೊರಬಂದವು. ಬೀಳಗಿ ಕಡೆಯ ಅಮೀರಬಾಯಿ ಕರ್ನಾಟಕಿ ಹಿಂದಿ ಚಿತ್ರಗಳಲ್ಲಿ ಹಾಡಿ ಭಾರತದಾದ್ಯಂತ ಮನೆಮಾತಾದರು. ಇಂಥವರ ಕಂಠವನ್ನು ಹೊಲಮನೆಗಳ ಪಡಸಾಲೆಗೆ ತಂದದ್ದು ಈ ತಟ್ಟೆಗಳೇ. ಮಕ್ಕಳು ಶಾಲೆಯಲ್ಲಿ ಮತ್ತೊಂದು ಭಾಷೆಯನ್ನು ಕಲಿಯುವ ಮನೆಗಳಲ್ಲಿ, ಅಜ್ಜನ ಕಾಲದ ಕನ್ನಡದ ಉಚ್ಚಾರ ಹೇಗಿತ್ತೆಂಬುದಕ್ಕೆ ಕೆಲವೊಮ್ಮೆ ಇದೊಂದೇ ಸಾಕ್ಷಿ ಉಳಿದಿರುತ್ತದೆ.

ಪೆಟ್ಟಿಗೆಯನ್ನು ಮತ್ತೆ ಹಾಡುವಂತೆ ಮಾಡುವುದು ಅನೇಕರು ತಿಳಿದಷ್ಟು ಕಷ್ಟದ ಕೆಲಸವಲ್ಲ. ಹೊಲಿಗೆಯ ಯಂತ್ರವನ್ನು ಬಿಚ್ಚಿ ಎಣ್ಣೆ ಬಿಡಬಲ್ಲ ಕೈಗೆ ಇದರ ಬಹುಭಾಗ ಸಾಧ್ಯ. ನಮ್ಮ ಮನೆಯ ಪೆಟ್ಟಿಗೆಯನ್ನು ಕೆಲವು ಭಾನುವಾರಗಳಲ್ಲಿ ಸರಿಪಡಿಸಿದಾಗ ಕಂಡುಕೊಂಡ ಸಂಗತಿಗಳನ್ನು ಓದುಗ ಬಂಧುಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಅರಗಿನಿಂದ ಪ್ಲಾಸ್ಟಿಕ್ಕಿಗೆ

ಭಾರತದಲ್ಲಿ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ, ಕಲಕತ್ತೆಯಲ್ಲಿ. ಲಂಡನ್ನಿನ ಗ್ರಾಮಫೋನ್ ಕಂಪನಿಯ ಪರವಾಗಿ ಬಂದಿದ್ದ ಫ್ರೆಡ್ ಗೈಸ್‌ಬರ್ಗ್ ಅಂದು ಮುದ್ರಿಸಿಕೊಂಡ ಕಲಾವಿದರಲ್ಲಿ ಗೌಹರ್ ಜಾನ್ ಪ್ರಮುಖರು. 1908ರಲ್ಲಿ ಅದೇ ನಗರದ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆಯಿತು. ಮುಂದೆ 1928ರ ಸುಮಾರಿಗೆ ಅದು ಡಮ್‌ಡಮ್‌ಗೆ ಸ್ಥಳಾಂತರಗೊಂಡಿತು. ನಾಯಿ ಕಹಳೆಯ ಮುಂದೆ ಕುಳಿತ ಚಿತ್ರದ ತಟ್ಟೆಗಳು ನಮ್ಮ ಊರುಗಳಿಗೆ ಬಂದುದು ಅಲ್ಲಿಂದಲೇ.

ಆ ಮೊದಲಿನ ತಟ್ಟೆಗಳು ಅರಗಿನಿಂದ ಆದವು. ಮರದ ಕೊಂಬೆಯ ಮೇಲೆ ಅರಗಿನ ಹುಳು ಸುರಿಸುವ ಅಂಟನ್ನು ಶೋಧಿಸಿ, ಕಲ್ಲುಪುಡಿಯೇ ಮೊದಲಾದವುಗಳೊಂದಿಗೆ ಬೆರೆಸಿ, ಕಾಯಿಸಿ, ಅಚ್ಚಿನಲ್ಲಿ ಒತ್ತುತ್ತಿದ್ದರು. ಇವು ನಿಮಿಷಕ್ಕೆ 78 ಸುತ್ತು ತಿರುಗತಕ್ಕವು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷಗಳಷ್ಟೇ ಹಾಡು ಹಿಡಿಸುತ್ತಿತ್ತು. ಗಂಟೆಗಟ್ಟಲೆ ಹಾಡುವ ಗವಾಯಿಗಳು ಒಂದು ರಾಗವನ್ನು ಆ ಮೂರು ನಿಮಿಷಗಳಲ್ಲಿ ಅಡಕಮಾಡಿದ ಚಾತುರ್ಯವನ್ನು ಇಂದಿಗೂ ಮೆಚ್ಚಬೇಕು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ, 33⅓ ಸುತ್ತಿನ ದೀರ್ಘ ಮುದ್ರಿಕೆಯನ್ನು ಹೊರತಂದಿತು, ಮರುವರ್ಷ ಆರ್.ಸಿ.ಎ. ವಿಕ್ಟರ್ ಕಂಪನಿಯ 45 ಸುತ್ತಿನ ಚಿಕ್ಕ ತಟ್ಟೆ ಬಂದಿತು. ಪಾಶ್ಚಾತ್ಯ ದೇಶಗಳಲ್ಲಿ 78ರ ತಟ್ಟೆಗಳು ಮಾಯವಾದ ಮೇಲೂ ನಮ್ಮ ದೇಶದಲ್ಲಿ ಅವು 1960ರ ದಶಕದುದ್ದಕ್ಕೂ ತಯಾರಾಗುತ್ತಲೇ ಇದ್ದವು. ಆದುದರಿಂದಲೇ ನಮ್ಮ ಮನೆಗಳ ಗಂಟಿನಲ್ಲಿ ಮೂರೂ ಬಗೆಯವು ಬೆರೆತಿರುವುದು.

ಈ ಮೂರನ್ನೂ ನುಡಿಸುವ ವಿದ್ಯುತ್ ಪೆಟ್ಟಿಗೆಯನ್ನು ಕುರಿತೇ ಇಲ್ಲಿ ಹೇಳಹೊರಟಿದ್ದೇವೆ. ಕೀಲಿ ಕೊಟ್ಟು ತಿರುಗಿಸುವ ಕಹಳೆಯ ಗ್ರಾಮಫೋನು ಬೇರೆಯೇ ಜಾತಿ. ಅದರೊಳಗಿನ ಉಕ್ಕಿನ ಸುರುಳಿ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಅನನುಭವಿಗಳು ಅದರ ಡಬ್ಬಿಯನ್ನು ತೆರೆದರೆ ಸುರುಳಿ ಸಿಡಿದು ಕೈಬೆರಳನ್ನೇ ಸೀಳಬಹುದು. ಅದನ್ನು ಬಲ್ಲವರಿಗೇ ಬಿಡುವುದು ಲೇಸು.

ಮೊದಲು ಕಣ್ಣು, ಆಮೇಲೆ ಕೈ

ಅಟ್ಟದಿಂದ ಇಳಿಸಿದೊಡನೆ ಪೆಟ್ಟಿಗೆಗೆ ಕರೆಂಟು ಕೊಡಬಾರದು. ವರ್ಷಾನುಗಟ್ಟಲೆ ಬಿಸಿಲು, ಮಳೆ, ಇಲಿಗಳ ಕಾಟವನ್ನು ಅನುಭವಿಸಿದ ತಂತಿಯ ಹೊದಿಕೆ ಬಿರಿದಿರುತ್ತದೆ. ಮೊದಲು ದಾರವನ್ನೂ ಪ್ಲಗ್ಗನ್ನೂ ಪರೀಕ್ಷಿಸಿ, ಸಂಶಯ ಬಂದರೆ ಹೊಸ ಮೂರು ಎಳೆಯ ತಂತಿಯನ್ನು ಎಲೆಕ್ಟ್ರಿಶಿಯನ್ನರಿಂದ ಹಾಕಿಸಿಕೊಳ್ಳಬೇಕು. ಹಳೆಯ ಅಗ್ಗದ ಸೆಟ್ಟುಗಳಲ್ಲಿ ಲೋಹದ ಚೌಕಟ್ಟಿಗೇ ನೇರವಾಗಿ ಕರೆಂಟು ಹರಿಯುವಂಥವು ಕೆಲವಿದ್ದವು. ಅವುಗಳ ಒಳಗನ್ನು ಮುಟ್ಟುವುದು ಪ್ರಾಣಾಪಾಯ. ಗಾಜಿನ ವಾಲ್ವುಗಳುಳ್ಳ ಆಂಪ್ಲಿಫೈಯರ್ ಇದ್ದರೆ, ಪ್ಲಗ್ಗನ್ನು ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ. ಧ್ವನಿ ಹಿಗ್ಗಿಸುವ ಈ ಭಾಗವನ್ನು ರೇಡಿಯೊ ರಿಪೇರಿ ಬಲ್ಲವರ ಕೈಗೇ ಕೊಡಬೇಕು. ತಟ್ಟೆಯನ್ನು ತಿರುಗಿಸುವ ಭಾಗ ಮಾತ್ರ ನಮ್ಮದು. ಅದನ್ನೂ ಪ್ಲಗ್ಗು ಕಿತ್ತೇ ಮುಟ್ಟತಕ್ಕದ್ದು.

ಪರದೇಶದಿಂದ ಬಂದ ಯಂತ್ರವಾದರೆ ಇನ್ನೊಂದು ಮಾತು. ಅದರ ಬೆನ್ನಿಗಿರುವ ಲೋಹದ ಚೀಟಿಯನ್ನು ಓದಬೇಕು. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಆವರ್ತನದ್ದು, ಅಮೆರಿಕದ್ದು 60. ಅಲ್ಲಿಗಾಗಿ ಮಾಡಿದ ಹಳೆಯ ಮೋಟಾರು ಇಲ್ಲಿ ಆರರಲ್ಲಿ ಐದು ಪಾಲಿನ ವೇಗದಲ್ಲಿ ಮಾತ್ರ ತಿರುಗುತ್ತದೆ. ಟ್ರಾನ್ಸ್‌ಫಾರ್ಮರು ವೋಲ್ಟೇಜನ್ನು ಇಳಿಸೀತೇ ಹೊರತು ಆವರ್ತನವನ್ನು ಬದಲಿಸಲಾರದು. ಆ ಯಂತ್ರಕ್ಕೆ 50 ಆವರ್ತನಕ್ಕೆ ತಕ್ಕ, ತುಸು ದಪ್ಪನೆಯ ಮೋಟಾರು ಗಾಲಿಯೇ ಬೇಕು.

ತಟ್ಟೆ ತಿರುಗುವ ಬಗೆ

ನಮ್ಮ ಕಡೆಯ ಹಳೆಯ ಪೆಟ್ಟಿಗೆಗಳಲ್ಲಿ ಬಹುಪಾಲು ರಬ್ಬರ್ ಚಕ್ರದವು. ಮೋಟಾರಿನ ದಂಡಕ್ಕೆ ಮೆಟ್ಟಿಲುಮೆಟ್ಟಿಲಾಗಿ ಕಡೆದ ಪುಟ್ಟ ಗಾಲಿ ಇರುತ್ತದೆ. ಅದಕ್ಕೂ ದೊಡ್ಡ ತಿರುಗುತಟ್ಟೆಯ ಒಳಅಂಚಿಗೂ ನಡುವೆ ರಬ್ಬರಿನ ಅಂಚುಳ್ಳ ಒಂದು ಚಕ್ರ ಒತ್ತಿಕೊಂಡು ನಿಲ್ಲುತ್ತದೆ. ಇದನ್ನು ಐಡ್ಲರ್ ಎನ್ನುತ್ತಾರೆ. ವೇಗದ ಗುಂಡಿಯನ್ನು ತಿರುವಿದಾಗ ಈ ಚಕ್ರ ಮೇಲೆ ಕೆಳಗೆ ಸರಿದು ಬೇರೊಂದು ಮೆಟ್ಟಿಲನ್ನು ಹಿಡಿಯುತ್ತದೆ. ದಪ್ಪ ಮೆಟ್ಟಿಲು 78ಕ್ಕೆ, ಸಣ್ಣದು 33⅓ಕ್ಕೆ. ತತ್ತ್ವ ಇಷ್ಟೇ. ಕೆಲವು ಯಂತ್ರಗಳಲ್ಲಿ ಚಕ್ರದ ಬದಲು ರಬ್ಬರಿನ ಬೆಲ್ಟು ಇರುವುದುಂಟು.

ಆದ ಕಾರಣ ರೋಗದ ಲಕ್ಷಣಗಳನ್ನು ಗುರುತಿಸುವುದು ಸುಲಭ. ಮೋಟಾರು ಗುಂಯ್ಗುಡುತ್ತದೆ, ತಿರುಗುವುದಿಲ್ಲ ಎಂದರೆ ಹಳೆಯ ಎಣ್ಣೆ ಅಂಟಾಗಿ ಗಟ್ಟಿಯಾಗಿದೆ. ಮೋಟಾರು ತಿರುಗುತ್ತದೆ, ತಟ್ಟೆ ತಿರುಗುವುದಿಲ್ಲ ಎಂದರೆ ರಬ್ಬರು ಜಾರುತ್ತಿದೆ ಅಥವಾ ಬೆಲ್ಟು ಸಡಿಲಾಗಿದೆ. ಒಂದೇ ಸಮನಾದ ಅಂತರದಲ್ಲಿ 'ದಬ್, ದಬ್' ಎಂಬ ಸದ್ದು ಬಂದರೆ ರಬ್ಬರಿನ ಅಂಚಿನಲ್ಲಿ ಒಂದು ತಗ್ಗು ಬಿದ್ದಿದೆ ಎಂದು ಅರ್ಥ. ಯಂತ್ರವನ್ನು ವೇಗದ ಗುಂಡಿಯಲ್ಲೇ ಬಿಟ್ಟು ವರ್ಷಗಟ್ಟಲೆ ಇಟ್ಟಾಗ ಚಕ್ರ ಒತ್ತಿಕೊಂಡೇ ಇದ್ದು ಈ ತಗ್ಗು ಉಂಟಾಗುತ್ತದೆ. ಹಾಡು ಮುಗಿದೊಡನೆ ಗುಂಡಿಯನ್ನು ಬಂದ್ ಸ್ಥಾನಕ್ಕೆ ತರುವ ಹಿರಿಯರ ಪದ್ಧತಿಗೆ ಇದೇ ಕಾರಣ.

ಎಣ್ಣೆ, ಗ್ರೀಸು, ರಬ್ಬರು

ತಿರುಗುತಟ್ಟೆಯ ನಡುವಿನ ಕ್ಲಿಪ್ಪನ್ನು ಚಿಕ್ಕ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಸರಿಸಿ, ತಟ್ಟೆಯನ್ನು ಎರಡೂ ಕೈಗಳಿಂದ ನೇರವಾಗಿ ಮೇಲೆತ್ತಬೇಕು. ಕೆಳಗೆ ತೆಳುವಾದ ವಾಷರುಗಳೂ ಸಾಸಿವೆಗಿಂತ ತುಸು ದೊಡ್ಡ ಉಕ್ಕಿನ ಗುಂಡುಗಳೂ ಇರಬಹುದು. ಬಿಚ್ಚುವ ಪ್ರತಿ ಹಂತದಲ್ಲಿಯೂ ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟರೆ ಜೋಡಿಸುವಾಗ ಪರದಾಡಬೇಕಿಲ್ಲ. ಕೆಳಗೆ ಬಿಳಿಯ ಬಟ್ಟೆ ಹಾಸಿಕೊಂಡು ಕುಳಿತರೆ ಜಾರಿಬಿದ್ದ ಗುಂಡು ಹಾಸುಗಲ್ಲಿನ ಸಂದಿಗೆ ಸೇರದು.

ಒಣಗಿದ ಗ್ರೀಸನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದಲೂ ಹತ್ತಿ ಸುತ್ತಿದ ಕಡ್ಡಿಯಿಂದಲೂ ಪೂರ್ತಿಯಾಗಿ ತೆಗೆಯಬೇಕು. ಹಳೆಯದರ ಮೇಲೆ ಹೊಸ ಎಣ್ಣೆ ಸುರಿಯುವುದು ಕೊಳೆಯ ಮೇಲೆ ಸುಣ್ಣ ಬಳಿದಂತೆ. ಮೋಟಾರಿನ ಎರಡೂ ತುದಿಗಳಲ್ಲಿರುವ ಕಂಚಿನ ಬುಷ್ಷುಗಳು ಹಲವು ಯಂತ್ರಗಳಲ್ಲಿ ಸಣ್ಣ ರಂಧ್ರಗಳುಳ್ಳವು. ಅವು ಎಣ್ಣೆಯನ್ನು ತಮ್ಮೊಳಗೆ ಹೀರಿಟ್ಟುಕೊಂಡು ಸ್ವಲ್ಪಸ್ವಲ್ಪವೇ ಬಿಡುತ್ತವೆ. ಶುಚಿಮಾಡಿದ ಬಳಿಕ ಅವಕ್ಕೆ ತೆಳು ಎಣ್ಣೆ ಹಾಕಿ ಒಂದು ಹಗಲು ಒಂದು ರಾತ್ರಿ ಬಿಟ್ಟರೆ ಉತ್ತಮ. ಹೊಲಿಗೆ ಯಂತ್ರದ ಶುದ್ಧ ಎಣ್ಣೆ ಇದಕ್ಕೆ ಸಾಕು. ಕೊಬ್ಬರಿ ಎಣ್ಣೆಯನ್ನು ಮಾತ್ರ ಎಂದಿಗೂ ಬಳಸಬಾರದು. ನಮ್ಮ ಕಡೆಯ ಮಾಗಿಯ ಚಳಿಗೆ ಅದು ಹೆಪ್ಪುಗಟ್ಟುತ್ತದೆ, ಕಾಲಾಂತರದಲ್ಲಿ ಅಂಟಾಗುತ್ತದೆ. ನಡುವಿನ ದಂಡ ಕೂರುವ ಕುಳಿಗೆ ತುಸು ದಪ್ಪನೆಯ ಎಣ್ಣೆಯ ನಾಲ್ಕಾರು ಹನಿ ಸಾಕು.

ತನ್ನಷ್ಟಕ್ಕೆ ತಾನೇ ನಿಲ್ಲುವ ಯಂತ್ರಗಳಲ್ಲಿ ತಿರುಗುತಟ್ಟೆಯ ಅಡಿಗೆ ಪುಟ್ಟ ನಾಲಗೆಯಂಥ ಸನ್ನೆಯೊಂದಿರುತ್ತದೆ. ಹಾಡಿನ ಕೊನೆಯನ್ನು ಗುರುತಿಸುವುದು ಅದೇ. ಅದು ಗರಿಯಷ್ಟು ಹಗುರವಾಗಿ ಆಡಬೇಕು. ಅಲ್ಲಿಗೆ ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಸೋಕಿಸದೆ ಒಣಗಿಯೇ ಇಡತಕ್ಕದ್ದು.

ಇನ್ನು ರಬ್ಬರ್ ಚಕ್ರ. ಅದರ ಅಂಚು ಹೊಳಪೇರಿ ಗಾಜಿನಂತಾಗಿರುತ್ತದೆ. ಮೊದಲು ಸ್ಪಿರಿಟ್ಟಿನಿಂದ ಒರೆಸಿ, ಬಳಿಕ ತೀರ ನಯವಾದ ಮರಳುಕಾಗದದಿಂದ ಎಲ್ಲ ಕಡೆಗೂ ಸಮನಾಗಿ ಹಗುರವಾಗಿ ಉಜ್ಜಿದರೆ ಹಿಡಿತ ಮರಳುತ್ತದೆ. ಚಕ್ರ, ಮೋಟಾರಿನ ಗಾಲಿ, ತಿರುಗುತಟ್ಟೆಯ ಒಳಅಂಚು ಈ ಮೂರರ ಮೇಲೂ ಎಣ್ಣೆಯ ಒಂದು ಕಲೆಯೂ ಇರಬಾರದು. ರಬ್ಬರು ಬಿರುಕು ಬಿಟ್ಟಿದ್ದರೆ ಅಥವಾ ತಗ್ಗು ಆಳವಾಗಿದ್ದರೆ ಹೊಸ ರಬ್ಬರು ಹಾಕಿಸಿ ಲೇಥಿನ ಮೇಲೆ ದುಂಡಗೆ ಕಡೆಯಿಸಬೇಕು. ಬೆಲ್ಟಿನ ಯಂತ್ರವಾದರೆ ಅದೇ ಅಳತೆಯ ಹೊಸ ಬೆಲ್ಟನ್ನೇ ತರಬೇಕು. ಲಂಗದ ಎಲಾಸ್ಟಿಕ್ಕನ್ನೋ ಕಾಗದ ಕಟ್ಟುವ ರಬ್ಬರನ್ನೋ ಹಾಕಿದರೆ ತಟ್ಟೆ ತಿರುಗೀತು, ಆದರೆ ಸ್ವರ ತೂಕಡಿಸುತ್ತದೆ.

ವೇಗದ ಪರೀಕ್ಷೆ

ತಟ್ಟೆ ತಿರುಗತೊಡಗಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಎಷ್ಟು ವೇಗದಲ್ಲಿ ತಿರುಗುತ್ತದೆ ಎಂಬುದೇ ಮುಖ್ಯ. ತಟ್ಟೆಯ ಅಂಚಿನಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಗಡಿಯಾರ ಹಿಡಿದು ಎಣಿಸಿದರೆ ಸಾಕು. 78ರ ಸ್ಥಾನದಲ್ಲಿ ಒಂದು ನಿಮಿಷಕ್ಕೆ 78, 45ರ ಸ್ಥಾನದಲ್ಲಿ 45. 33⅓ಕ್ಕೆ ಮೂರು ನಿಮಿಷಗಳಿಗೆ ಸರಿಯಾಗಿ 100 ಸುತ್ತು ಬರಬೇಕು. ಮುಳ್ಳನ್ನು ತಟ್ಟೆಯ ಮೇಲೆ ಇಟ್ಟು, ಹಾಡು ನಡೆದಿರುವಾಗಲೇ ಎಣಿಸಬೇಕು.

ಇನ್ನೂ ನಿಖರತೆ ಬೇಕೆಂಬವರು ಗೆರೆಗಳ ಚಕ್ರವನ್ನು ಕಾಗದದ ಮೇಲೆ ಬರೆದುಕೊಳ್ಳಬಹುದು. 50 ಆವರ್ತನದ ಕರೆಂಟಿನ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ; ಕಣ್ಣಿಗೆ ಕಾಣದು ಅಷ್ಟೆ. ಆ ಬೆಳಕಿನಲ್ಲಿ 33⅓ಕ್ಕೆ 180 ಗೆರೆ, 45ಕ್ಕೆ 133 ಗೆರೆ, 78ಕ್ಕೆ 77 ಗೆರೆಗಳ ಚಕ್ರ ತಿರುಗುವಾಗ, ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ತೋರುತ್ತವೆ. ತಿರುಗುವ ದಿಕ್ಕಿಗೇ ಜರುಗಿದರೆ ವೇಗ ಹೆಚ್ಚು, ಹಿಂದಕ್ಕೆ ಜರುಗಿದರೆ ಕಡಿಮೆ. ಇದಕ್ಕೆ ತಂತಿಯ ಹಳೆಯ ಬಲ್ಬೇ ಬೇಕು. ಈಗಿನ ಅನೇಕ ಎಲ್.ಇ.ಡಿ. ದೀಪಗಳು ಹೀಗೆ ಮಿನುಗುವುದಿಲ್ಲವಾದ್ದರಿಂದ ಗೆರೆಗಳು ಬರಿದೆ ಕಲಸಿಹೋಗುತ್ತವೆ.

ವೇಗದ ವಿಷಯವಾಗಿ ನಮ್ಮ ಮನೆಯಲ್ಲಿ ನಡೆದ ಒಂದು ವಾದವನ್ನು ಇಲ್ಲಿ ಹೇಳಲೇಬೇಕು. ನಮ್ಮ ಪೆಟ್ಟಿಗೆಯ ಅಂಟನ್ನು ತೆಗೆದು, ಎಣ್ಣೆ ಬಿಟ್ಟು ನಡೆಸಿ ಎಣಿಸಿದಾಗ ನಿಮಿಷಕ್ಕೆ 83 ಸುತ್ತು ಬಂದಿತು. ಬಿಚ್ಚಿ ನೋಡಿದರೆ, ಮೋಟಾರು ಗಾಲಿಯ 78ರ ಮೆಟ್ಟಿಲಿಗೆ ಯಾರೋ ಬಟ್ಟೆಯ ಅಂಟುಪಟ್ಟಿಯನ್ನು ಸುತ್ತಿದ್ದರು. ಹಿಂದೆಂದೋ ರಬ್ಬರು ಜಾರತೊಡಗಿದಾಗ ರಿಪೇರಿಯವರೊಬ್ಬರು ಕಂಡುಕೊಂಡ ಉಪಾಯ ಅದು. ಹಿಡಿತವೇನೋ ಬಂದಿತ್ತು, ಆದರೆ ಗಾಲಿಯ ಸುತ್ತಳತೆ ಹಿಗ್ಗಿ ವೇಗವೂ ಏರಿತ್ತು. 78ರ ಮೇಲೆ 83 ಎಂದರೆ ನೂರಕ್ಕೆ ಆರರಷ್ಟು ಹೆಚ್ಚು. ಹಾರ್ಮೋನಿಯಂ ಬಲ್ಲವರಿಗೆ ಅದು ಅರ್ಧ ಸ್ವರದ ಏರಿಕೆ. ಬಿಳಿ ಒಂದರಲ್ಲಿ ಹಾಡಿದವರು ಕಪ್ಪು ಒಂದರಲ್ಲಿ ಹಾಡಿದಂತೆ ಕೇಳಿಸುತ್ತದೆ. ಪಟ್ಟಿಯನ್ನು ಬಿಚ್ಚಿ, ಗೋಂದನ್ನು ಒರೆಸಿ, ರಬ್ಬರನ್ನು ಉಜ್ಜಿ ಜೋಡಿಸಿದ ಮೇಲೆ ಎಣಿಕೆ ಸರಿಯಾಗಿ 78ಕ್ಕೆ ನಿಂತಿತು.

ಮನೆಯ ಹಿರಿಯರಾದ ನಮ್ಮ ಆಯಿಗೆ ವಚನದ ತಟ್ಟೆಯೊಂದು ಅಚ್ಚುಮೆಚ್ಚು. ತಾವು ಸೊಸೆಯಾಗಿ ಈ ಮನೆಗೆ ಬಂದಂದಿನಿಂದ ಕೇಳುತ್ತ ಬಂದುದು ಅದು. ಸರಿಪಡಿಸಿದ ಪೆಟ್ಟಿಗೆಯಲ್ಲಿ ಅದನ್ನು ಹಾಕಿದಾಗ ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದೆವು. ಆಯಿ ಪೂರ್ತಿ ಕೇಳಿ, "ಇದು ಆ ಧ್ವನಿ ಅಲ್ಲೋ ತಮ್ಮಾ. ಆಕಿ ಧ್ವನಿ ಸಣ್ಣದಿತ್ತು, ಗೆಜ್ಜಿಯಂಗಿತ್ತು. ಇದ್ಯಾಕೋ ದಪ್ಪ ಕೇಳಸ್ತದ" ಎಂದರು. ಎಣಿಕೆ ತೋರಿಸಿದ್ದಾಯಿತು, ಹಾರ್ಮೋನಿಯಂ ಒತ್ತಿ ತೋರಿಸಿದ್ದಾಯಿತು. "ನಿಮ್ಮ ಲೆಕ್ಕ ಖರೇ ಇರಬಹುದು. ನಾ ಇಷ್ಟು ವರ್ಷ ಕೇಳಿದ್ದು ಸುಳ್ಳಂತೀರೇನು?" ಎಂಬ ಅವರ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಾಗಿರಲಿಲ್ಲ.

ಅಂಟುಪಟ್ಟಿಯನ್ನು ಮತ್ತೆ ಸುತ್ತಿಬಿಡೋಣವೇ ಎಂಬ ಮಾತೂ ಮನೆಯಲ್ಲಿ ಬಂದಿತು. ಹಿರಿಯ ಜೀವದ ಸಂತೋಷಕ್ಕಿಂತ ಐದು ಸುತ್ತು ದೊಡ್ಡದೇ ಎಂಬುದು ಒಂದು ಪಕ್ಷ. ಹಾಡಿದಾಕೆ ಹಾಡಿದ್ದು ಹೇಗೋ ಹಾಗೆಯೇ ಮುಂದಿನವರಿಗೆ ತಲುಪಬೇಕೆಂಬುದು ಇನ್ನೊಂದು ಪಕ್ಷ. ಕೊನೆಗೆ ತೀರ್ಪು ಕೊಟ್ಟವರು ಆಯಿಯೇ. ಮರಾಠಿ ಶಾಲೆಗೆ ಹೋಗುವ ಮೊಮ್ಮಗ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದ. ಮೊದಲಿನ ವೇಗದಲ್ಲಿ ಮಾತುಗಳು ಒಂದರ ಮೇಲೊಂದು ಬಿದ್ದಂತಾಗುತ್ತಿದ್ದುದರಿಂದ ಅವನಿಗೆ ವಚನ ಹಿಡಿಯಲು ಆಗುತ್ತಿರಲಿಲ್ಲ. ಈಗ ಅವನು ಸಾಲು ಸಾಲಾಗಿ ಹಿಡಿದು ತಾನೂ ಹೇಳತೊಡಗಿದ. ಅದನ್ನು ಕೇಳಿದ ಆಯಿ, "ಇರಲಿ ಬಿಡ್ರಿ. ನನಗ ನೆನಪದ, ಅವಂಗ ಮಾತು ಬೇಕು" ಎಂದು ಪಟ್ಟಿ ಸುತ್ತುವ ಮಾತನ್ನು ಅಲ್ಲಿಗೇ ನಿಲ್ಲಿಸಿದರು. ಅವರ ಮಟ್ಟಿಗೆ ಆ ಧ್ವನಿ ಇಂದಿಗೂ ದಪ್ಪವೇ.

ಮುಳ್ಳು ಮತ್ತು ಅದರ ಭಾರ

ತಟ್ಟೆಯ ಆಯುಸ್ಸು ನಿಂತಿರುವುದು ಮುಳ್ಳಿನ ಮೇಲೆ. ಅರಗಿನ ತಟ್ಟೆಯ ಗೀರು ಅಗಲ; ಅದಕ್ಕೆ ಸುಮಾರು 75 ಮೈಕ್ರಾನ್ ತ್ರಿಜ್ಯದ ತುದಿ ಬೇಕು. ದೀರ್ಘ ಮುದ್ರಿಕೆಯ ಗೀರು ಕೂದಲಿನಷ್ಟು ಸಣ್ಣದು; ಅದಕ್ಕೆ 18ರಿಂದ 25 ಮೈಕ್ರಾನಿನ ತುದಿ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಸಣ್ಣ ಮುಳ್ಳನ್ನು 78ರ ಮೇಲಿಟ್ಟರೆ ಅದು ಗೀರಿನ ತಳದ ಧೂಳನ್ನು ಗೀಚುತ್ತ ಕರಕರ ಎನ್ನುತ್ತದೆ. ದಪ್ಪ ಮುಳ್ಳನ್ನು ದೀರ್ಘ ಮುದ್ರಿಕೆಯ ಮೇಲಿಟ್ಟರೆ ಗೀರಿನ ಗೋಡೆಯೇ ಹಾಳಾಗುತ್ತದೆ. ಹಳೆಯ ಪೆಟ್ಟಿಗೆಗಳಲ್ಲಿ ಮುಳ್ಳಿನ ಬಳಿ ಚಿಕ್ಕ ಕಡ್ಡಿಯೊಂದನ್ನು ಮಗುಚಿ ಎರಡು ತುದಿಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳುವ ಅನುಕೂಲವಿತ್ತು. ಕೀಲಿಯ ಗ್ರಾಮಫೋನಿನ ಉಕ್ಕಿನ ಸೂಜಿಯ ಮೇಲೆ ನೂರು ಗ್ರಾಮಿಗೂ ಮಿಕ್ಕ ಭಾರ ಬೀಳುತ್ತದೆ. ಅದರಡಿಯಲ್ಲಿ ಪ್ಲಾಸ್ಟಿಕ್ ತಟ್ಟೆಯನ್ನು ಇಡುವುದೆಂದರೆ ಅದನ್ನು ಉತ್ತಂತೆ.

ಮುಳ್ಳಿನ ಹಿಂದೆ ಇರುವ ಕಾರ್ಟ್ರಿಜ್ ಕಂಪನವನ್ನು ವಿದ್ಯುತ್ತನ್ನಾಗಿಸುತ್ತದೆ. ತೀರ ಹಳೆಯವುಗಳಲ್ಲಿ ರೋಷೆಲ್ ಲವಣ ಎಂಬ ಹರಳು ಇರುತ್ತಿತ್ತು. ಅದು ತೇವವನ್ನು ಹೀರಿ ಕೆಡುವಂಥದು. ಪೆಟ್ಟಿಗೆ ಸರಿಯಾಗಿ ತಿರುಗಿಯೂ ಪಿಸುಮಾತಿನಷ್ಟೂ ಧ್ವನಿ ಬಾರದಿದ್ದರೆ ಈ ಹರಳು ಸತ್ತಿರುವ ಸಂಭವವೇ ಹೆಚ್ಚು. ಅದಕ್ಕೆ ರಿಪೇರಿಯಿಲ್ಲ, ಬದಲಿಯೇ ಗತಿ. ಹೊಸದನ್ನು ಹಾಕುವಾಗ ಸಿರಾಮಿಕ್ ಬಗೆಯದಕ್ಕೆ ಸಿರಾಮಿಕ್ಕನ್ನೇ ಹುಡುಕುವುದು ಸುಲಭದ ದಾರಿ. ಅಯಸ್ಕಾಂತದ ಬಗೆಯದನ್ನು ಹಾಕಿದರೆ ಅದರ ಕ್ಷೀಣ ಧ್ವನಿಯನ್ನು ಹಿಗ್ಗಿಸಿ ಸರಿದೂಗಿಸುವ ಇನ್ನೊಂದು ಪ್ರೀ-ಆಂಪ್ಲಿಫೈಯರ್ ಬೇಕಾಗುತ್ತದೆ. ಸ್ಟೀರಿಯೊ ಕಾರ್ಟ್ರಿಜ್ಜಿನ ನಾಲ್ಕು ತಂತಿಗಳಲ್ಲಿ ಬಿಳಿ, ನೀಲಿ ಎಡಕ್ಕೂ ಕೆಂಪು, ಹಸಿರು ಬಲಕ್ಕೂ ಸೇರಿದವು. ಅದರ ಕಡ್ಡಿಗಳಿಗೆ ನೇರವಾಗಿ ಬೆಸುಗೆ ಹಾಕಿದರೆ ಕಾವಿಗೆ ಒಳಗಿನದು ಸತ್ತೇಹೋಗುತ್ತದೆ. ಪುಟ್ಟ ಹಿಡಿಕೆಗಳನ್ನು ತಂತಿಗೆ ಬೆಸೆದು, ಆರಿದ ಬಳಿಕ ಕಡ್ಡಿಗೆ ಸಿಕ್ಕಿಸಬೇಕು.

ಭಾರದ ಲೆಕ್ಕವೂ ಮುಖ್ಯ. ಸಿರಾಮಿಕ್ಕಿನವು ಸಾಮಾನ್ಯವಾಗಿ ಮೂರರಿಂದ ಆರು ಗ್ರಾಂ, ಅಯಸ್ಕಾಂತದವು ಹೆಚ್ಚಾಗಿ ಒಂದೂವರೆಯಿಂದ ಮೂರು ಗ್ರಾಂ ಭಾರವನ್ನು ಬೇಡುತ್ತವೆ; ತಯಾರಕರು ಕೊಟ್ಟ ಅಂಕಿಯೇ ಪ್ರಮಾಣ. ಬಂಗಾರ ತೂಗುವ ಪುಟ್ಟ ತಕ್ಕಡಿಯ ಮೇಲೆ ಮುಳ್ಳನ್ನು ಇಳಿಸಿದರೆ ಗೊತ್ತಾಗುತ್ತದೆ. ಮುಳ್ಳು ಜಿಗಿಯುತ್ತದೆಂದು ತೋಳಿನ ಮೇಲೆ ನಾಣ್ಯವನ್ನು ಅಂಟಿಸುವ ರೂಢಿಯೊಂದಿದೆ. ಅದರಿಂದ ಹಾಡು ನಡೆದೀತು, ತಟ್ಟೆ ಸವೆದೀತು. ಜಿಗಿತಕ್ಕೆ ಕಾರಣ ಗೀರಿನ ಕೊಳೆಯೋ, ತೋಳಿನ ಬುಡದ ಜಡತ್ವವೋ, ಪೆಟ್ಟಿಗೆ ಮಟ್ಟಸವಾಗಿಲ್ಲದಿರುವುದೋ ಎಂದು ಮೊದಲು ನೋಡಬೇಕು.

ತಟ್ಟೆಗಳ ಶುಚಿತ್ವ

ಪ್ಲಾಸ್ಟಿಕ್ ತಟ್ಟೆಗೂ ಅರಗಿನ ತಟ್ಟೆಗೂ ವ್ಯತ್ಯಾಸ ತಿಳಿಯದೆ ನೀರಿಗೆ ಕೈ ಹಾಕಬಾರದು. ಅರಗಿನದು ಭಾರ, ಗಡಸು. ಕೈಜಾರಿದರೆ ಹೆಂಚಿನಂತೆ ಒಡೆಯುತ್ತದೆ. ಪ್ಲಾಸ್ಟಿಕ್ಕಿನದು ತುಸು ಬಾಗುತ್ತದೆ. ಅರಗು ಸ್ಪಿರಿಟ್ಟಿನಲ್ಲಿ ಕರಗುವ ವಸ್ತು. ಬಡಗಿಗಳು ಮರಕ್ಕೆ ಪಾಲಿಶ್ ಮಾಡಿಕೊಳ್ಳುವುದೂ ಹಾಗೆಯೇ. ಆದುದರಿಂದ 78ರ ತಟ್ಟೆಗೆ ಸ್ಪಿರಿಟ್ ಸೋಕಿದರೆ ಹಾಡು ಅಳಿಸಿಯೇ ಹೋಗುತ್ತದೆ. ಬ್ಯಾಟರಿಗೆ ಹಾಕುವ ಶುದ್ಧ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ಮೃದು ಸೋಪಿನ ದ್ರವವನ್ನು ಒಂದೇ ಹನಿ ಬೆರೆಸಿ, ಮೆತ್ತನೆಯ ಬಟ್ಟೆಯನ್ನು ಅದರಲ್ಲಿ ಹಿಂಡಿ, ಗೀರಿನ ದಿಕ್ಕಿನಲ್ಲಿಯೇ ಒರೆಸಬೇಕು. ನಡುವಿನ ಕಾಗದದ ಚೀಟಿಗೆ ನೀರು ತಾಕಬಾರದು. ಮತ್ತೊಮ್ಮೆ ಬರಿಯ ನೀರಿನಿಂದ ಒರೆಸಿ ನೆರಳಿನಲ್ಲಿ ಒಣಗಿಸಬೇಕು.

ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿ ಇಡತಕ್ಕದ್ದು. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ತಗಡಿನ ಮಾಡಿನ ಅಟ್ಟ ಒಲೆಯೇ ಸರಿ. ಅಲ್ಲಿ ಪ್ಲಾಸ್ಟಿಕ್ ತಟ್ಟೆ ಹಪ್ಪಳದಂತೆ ಡೊಂಕಾಗುತ್ತದೆ. ಮಣ್ಣಿನ ಮಾಳಿಗೆಯ ಒಳಕೋಣೆ, ಗೋಡೆಯ ಒಳಗಿನ ಕಪಾಟು ಇವಕ್ಕೆ ತಕ್ಕ ಸ್ಥಳ.

ಮುಂದಿನವರಿಗಾಗಿ

ಪೆಟ್ಟಿಗೆ ಸರಿಯಾದ ಮೇಲೆ ಮಾಡಬೇಕಾದ ಇನ್ನೊಂದು ಕೆಲಸವಿದೆ. ಯಾವ ತಟ್ಟೆಯ ಮೇಲೆ ಯಾರ ಹಾಡಿದೆ, ಚೀಟಿಯ ಮೇಲಿನ ಸಂಖ್ಯೆ ಯಾವುದು, ಮನೆಗೆ ಯಾರು ಎಲ್ಲಿಂದ ತಂದರು ಎಂಬುದನ್ನು ಹಿರಿಯರನ್ನು ಕೇಳಿ ಒಂದು ವಹಿಯಲ್ಲಿ ಬರೆದಿಡಬೇಕು. ಹಾಡನ್ನು ಕಂಪ್ಯೂಟರಿಗೆ ಒಮ್ಮೆ ತುಂಬಿಸಿಕೊಂಡರೆ ಪುಣೆಯಲ್ಲಿರುವ ಮಗಳಿಗೂ ಹುಬ್ಬಳ್ಳಿಯ ತಮ್ಮನಿಗೂ ಕ್ಷಣಮಾತ್ರದಲ್ಲಿ ಮುಟ್ಟಿಸಬಹುದು. ತಟ್ಟೆಯನ್ನು ಪದೇ ಪದೇ ಸವೆಸಬೇಕಾಗಿಯೂ ಇಲ್ಲ. ಆದರೆ ಹಾಗೆ ತುಂಬಿಸುವ ಮೊದಲು ವೇಗವನ್ನು ಎಣಿಸಿರಬೇಕು. ತಪ್ಪು ವೇಗದಲ್ಲಿ ತುಂಬಿದ ಹಾಡು ಹತ್ತು ಮನೆ ಸೇರಿದ ಮೇಲೆ ಅದನ್ನು ತಿದ್ದುವವರಾರು?

ವಾಲ್ವು, ಟ್ರಾನ್ಸ್‌ಫಾರ್ಮರು, ಸುಟ್ಟ ಮೋಟಾರು ಇವು ಬಲ್ಲವರ ಪಾಲಿನ ಕೆಲಸ. ಅಂಥ ಬಲ್ಲವರು ಪ್ರತಿ ಊರಿನಲ್ಲಿಯೂ ಈಗ ವಿರಳ. ಇರುವವರಲ್ಲಿ ಹಲವರಿಗೆ ವಯಸ್ಸಾಗಿದೆ. ಹಳೆಯ ರೇಡಿಯೊ ರಿಪೇರಿಯ ಹಿರಿಯರೊಬ್ಬರು ನಿಮ್ಮ ಪೇಟೆಯಲ್ಲಿದ್ದರೆ, ಮನೆಯ ತರುಣನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಲು ಹೇಳಬೇಕು. ವಿದ್ಯೆ ದಾಟುವುದು ಹೀಗೆಯೇ.

ಈ ಬಾರಿ ದೀಪಾವಳಿಗೆ ಅಟ್ಟ ಗುಡಿಸುವಾಗ ಗುಜರಿಯವನು ಬಾಗಿಲಲ್ಲಿ ಕೂಗಿದರೆ, ಹಂಡೆಯನ್ನೋ ಮುರಿದ ಕುರ್ಚಿಯನ್ನೋ ಸಂತೋಷದಿಂದ ಕೊಡಿ. ಕರಿಯ ತಟ್ಟೆಗಳ ಗಂಟನ್ನೂ ಧೂಳು ಹಿಡಿದ ಆ ಪೆಟ್ಟಿಗೆಯನ್ನೂ ಮಾತ್ರ ಪಡಸಾಲೆಗೆ ಇಳಿಸಿಕೊಂಡು, ಒಂದು ಸೀಸೆ ಸ್ಪಿರಿಟ್ಟು, ಒಂದು ಹಿಡಿ ಹತ್ತಿ, ಹೊಲಿಗೆ ಯಂತ್ರದ ಎಣ್ಣೆಯ ಡಬ್ಬಿಯೊಡನೆ ಒಂದು ಭಾನುವಾರ ಕುಳಿತುಕೊಳ್ಳಬೇಕೆಂದು ಓದುಗ ಬಂಧುಗಳಲ್ಲಿ ನಮ್ಮ ವಿನಂತಿ.